ಪಂಕ್ತಿ ಬಿಟ್ಟು ಏಳದವರು

ಮಾಸ್ತರರ ಜೊತೆ ಊಟಕ್ಕೆ ಕೂತವರಿಗೆ ಒಂದು ಪೇಚಿತ್ತು. ತಮ್ಮ ತಟ್ಟೆ ಖಾಲಿಯಾಯಿತೆಂದು ಅವರು ಏಳುತ್ತಿರಲಿಲ್ಲ. ಸಾಲಿನಲ್ಲಿ ಕೂತ ಕಡೆಯವನು ಕಡೆಯ ತುತ್ತು ನುಂಗಿ, ನೀರು ಕುಡಿದು, ತೇಗಿ, ತಾನಾಗಿ ಎದ್ದ ಮೇಲೆಯೇ ಅವರು ಏಳುವುದು. ಅಲ್ಲಿಯ ತನಕ ಎಂಜಲು ಒಣಗಿದ ಬಲಗೈಯನ್ನು ತಟ್ಟೆಯ ಮೇಲೆ ಹಿಡಿದುಕೊಂಡು, ಎಲ್ಲಿಗೂ ಹೋಗಬೇಕಿಲ್ಲದವರ ಹಾಗೆ ಕೂತಿರುತ್ತಿದ್ದರು. ಉಣ್ಣುವುದರಲ್ಲಿ ಅವರು ಬಲು ಚುರುಕು. ನಾವು ಒಂದು ಜೋಳದ ಭಕ್ಕರಿ ಮುಗಿಸುವಷ್ಟರಲ್ಲಿ ಅವರದು ಎರಡು ಮುಗಿದಿರುತ್ತಿತ್ತು. ಉಳಿದ ಹೊತ್ತೆಲ್ಲ ಕಾಯುವುದೇ. ನಿಧಾನವಾಗಿ ಉಣ್ಣುವ ಮನುಷ್ಯನ ಎದುರಿಗೆ ಹೀಗೊಬ್ಬರು ಕೂತರೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ನಾನು ನಿಧಾನವಾಗಿ ಉಣ್ಣುವ ಮನುಷ್ಯ.

"ನೀವು ಏಳ್ರಿ ಮಾಸ್ತರ್, ನಂದು ಇನ್ನಾ ಹೊತ್ತಾಗ್ತದ" ಎಂದರೆ, "ಸಾವಕಾಶ ಉಣ್ರಿ ಪಂಡಿತ್ರ, ಯಾರು ಬೆನ್ನ ಹತ್ಯಾರ?" ಎನ್ನುತ್ತಿದ್ದರು.

ಆಳಂದದ ನಮ್ಮ ಹೈಸ್ಕೂಲಿನಲ್ಲಿ ಅವರು ಗಣಿತದ ಮಾಸ್ತರರು, ನಾನು ಕನ್ನಡ ಪಂಡಿತ. ಅವರು ನಿಂಬರ್ಗಾದವರು, ನಾನು ಅಫಜಲಪುರದ ಕಡೆಯವನು. ವಯಸ್ಸಿನಲ್ಲಿ ನನಗಿಂತ ಎಂಟು ವರ್ಷ ದೊಡ್ಡವರು. ಹೋದ ತಿಂಗಳು ತೀರಿಕೊಂಡರು. ನಿಂಬರ್ಗಾದ ಹೊಲದಲ್ಲಿ ಅವರಿಗೆ ಮಣ್ಣು ಕೊಟ್ಟು ಬಂದ ದಿನದಿಂದ ನನಗೆ ಊಟಕ್ಕೆ ಕೂತಾಗಲೆಲ್ಲ ಎದುರಿಗೆ ಆ ಒಣಗಿದ ಕೈ ಕಾಣುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ಶಾಲೆಯ ವಾರ್ಷಿಕ ಗ್ಯಾದರಿಂಗಿನ ಕರಪತ್ರದಲ್ಲಿ ತಮ್ಮ ಹೆಸರು ಕಂಡರೆ ಹೊಡೆದುಹಾಕಿ, "ಹೆಸರು ಯಾಕ್ರಿ, ಗಣಿತ ಅಂತ ಬರೀರಿ, ಸಾಕು" ಎನ್ನುತ್ತಿದ್ದ ಮನುಷ್ಯ.

ಎತ್ತರದ ಆಳು, ಮೈಯಲ್ಲಿ ಮಾಂಸ ಕಡಿಮೆ. ಜುಬ್ಬದ ಕಿಸೆಯಲ್ಲಿ ಸದಾ ಸೀಮೆಸುಣ್ಣದ ತುಂಡುಗಳು. ಹೊಸ ಸೀಮೆಸುಣ್ಣ ಮುರಿಯಲು ಅವರಿಗೆ ಮನಸ್ಸು ಬರುತ್ತಿರಲಿಲ್ಲ. ಬೇರೆ ಮಾಸ್ತರರು ಬಿಟ್ಟುಹೋದ ಚೂರುಗಳನ್ನು ಆರಿಸಿಕೊಂಡು ಅದರಲ್ಲೇ ಇಡೀ ಬೀಜಗಣಿತ ಮುಗಿಸುತ್ತಿದ್ದರು. ಸಿಟ್ಟು ಬಂದರೆ ಬಯ್ಯುತ್ತಿರಲಿಲ್ಲ. ಬೋರ್ಡಿನ ಕಡೆ ತಿರುಗಿ ಸುಮ್ಮನೆ ನಿಂತುಬಿಡುತ್ತಿದ್ದರು. ಹುಡುಗರು ಅದಕ್ಕೇ ಹೆಚ್ಚು ಹೆದರುತ್ತಿದ್ದರು.

ಪಂಕ್ತಿ ಬಿಟ್ಟು ಏಳದ ಚಟ ಅವರಿಗೆ ಹತ್ತಿದ್ದು ಹೆಂಡತಿಯಿಂದ. ಅತ್ತಿಗೆಯ ಸಲುಗೆಯಿಂದ ನಾನು ವೈನಿ ಎಂದು ಕರೆಯುತ್ತಿದ್ದೆ. ಜೇವರ್ಗಿ ತಾಲೂಕಿನ ಅಂದೋಲಾದವರು, ಮಠದ ಓಣಿಯ ಮನೆತನ. ಮಾತು ಕಡಿಮೆ, ಊಟ ಬಲು ನಿಧಾನ. ಗಂಡಸರದೆಲ್ಲ ಆಗಿ, ಬಂದವರದೆಲ್ಲ ಆಗಿ, ಒಲೆ ಆರಿದ ಮೇಲೆ ಒಬ್ಬರೇ ಒಳಗೆ ಕೂತು ಉಣ್ಣುವುದು ಆಗಿನ ಹೆಂಗಸರ ಪಾಡು. ಮಾಸ್ತರರಿಗೆ ಅದು ಸೇರಲಿಲ್ಲ. ಮದುವೆಯಾದ ವರ್ಷದಿಂದಲೇ, ಆಕೆ ಕೂತು ಉಂಡು ಮುಗಿಸುವ ತನಕ ತಾವು ತಟ್ಟೆಯ ಮುಂದಿನಿಂದ ಏಳುವುದಿಲ್ಲ ಎಂದು ಹಠ ಹಿಡಿದರಂತೆ. ಮಾಸ್ತರರ ತಾಯಿ ಬೈದರು, ಓಣಿಯವರು ನಕ್ಕರು. ಇವರು ಜಗ್ಗಲಿಲ್ಲ.

ಒಂದು ಎಳ್ಳಮಾವಾಸ್ಯೆಗೆ ಅವರ ಹೊಲಕ್ಕೆ ನನ್ನನ್ನೂ ನಮ್ಮ ಮನೆಯಾಕೆಯನ್ನೂ ಕರೆದಿದ್ದರು. ತೊಗರಿ ಕಾಯಿಗಟ್ಟಿತ್ತು, ಬಿಳಿಜೋಳ ಎದೆಮಟ್ಟ ನಿಂತಿತ್ತು. ಹೊಲದಲ್ಲಿ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ಬೇವಿನ ಮರದ ಕೆಳಗೆ ಸಾಲಾಗಿ ಕೂತು ಸಜ್ಜೆ ರೊಟ್ಟಿ, ಭಜ್ಜಿ, ಕಡುಬು, ಅಂಬಲಿ ಉಂಡೆವು. ನಾವೆಲ್ಲ ಎದ್ದು ಎಲೆಅಡಿಕೆ ಹಾಕಿಕೊಳ್ಳುವಾಗ ವೈನಿ ಆಗಷ್ಟೇ ತಟ್ಟೆ ಮುಂದಿಟ್ಟುಕೊಂಡಿದ್ದರು. ಎದುರಿಗೆ ಮಾಸ್ತರರು ಕೈ ಒಣಗಿಸಿಕೊಂಡು ಕೂತೇ ಇದ್ದರು. ಅವರ ತಮ್ಮನೂ ಬಂದ ಗೆಳೆಯರೂ ಒಬ್ಬರಿಗೊಬ್ಬರು ಕಣ್ಣು ಹೊಡೆದುಕೊಂಡರು. ವೈನಿ ಮುಖ ಸಣ್ಣದು ಮಾಡಿಕೊಂಡು, "ಏಳ್ರೀ, ಮಂದಿ ನಗಾಕತ್ತಾರ" ಎಂದರು.

"ನೀ ಇನ್ನಾ ಕುಂತೀದಿ, ನಾ ಹ್ಯಾಂಗ ಏಳ್ಲಿ?"

ನಾವೆಲ್ಲ ನಕ್ಕೆವು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ.

ಏಳದ ಗುಣ ಅವರಿಗೆ ಕೆಲಸದಲ್ಲೂ ಇತ್ತು. ಮೆಟ್ರಿಕ್ ಪರೀಕ್ಷೆಗೆ ಎರಡು ತಿಂಗಳಿದೆ ಎನ್ನುವಾಗ ನಮ್ಮ ಕಡೆ ಮಾಸ್ತರರು ಸಂಜೆ ಹುಡುಗರ ಮನೆಗಳಿಗೆ ಹೋಗುವ ರೂಢಿ. ಓದಲು ಕೂತಿದ್ದಾನೋ, ಓಣಿ ತಿರುಗುತ್ತಿದ್ದಾನೋ ನೋಡಿ, ಗದರಿಸಿ, ಒಂದು ಕಪ್ಪು ಚಹಾ ಕುಡಿದು ಬರುವುದು. ಯಾರೂ ಕರೆಯಬೇಕಾಗಿರಲಿಲ್ಲ. ಕರೆಯದೆ ಬಂದರೇ ಮನೆಯವರಿಗೆ ಹೆಮ್ಮೆ. ನಾನು ಬಾಗಿಲಲ್ಲೇ ನಿಂತು ಕೂಗಿ ಮುಂದೆ ಹೋಗುವವನು. ಅವರು ಒಳಗೆ ಹೋಗಿ ಹುಡುಗನ ಪಕ್ಕದ ಚಾಪೆಯ ಮೇಲೆ ಕೂತರೆ, ಆ ದಿನದ ಲೆಕ್ಕ ಅವನಿಗೆ ಬಿಡಿಸಲು ಬರುವ ತನಕ ಏಳುತ್ತಿರಲಿಲ್ಲ.

ಇಂಥ ಮನುಷ್ಯ, ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ, ಆಫ್ರಿಕಾದ ಜಾಂಬಿಯಾಕ್ಕೆ ಹೊರಟು ನಿಂತರು. ಅಲ್ಲಿ ತಾಮ್ರದ ಗಣಿಗಳಿದ್ದ ಒಂದು ಊರು. ಗಣಿಯ ಕೆಲಸಕ್ಕೆ ಹತ್ತು ದೇಶಗಳಿಂದ ಬಂದವರ ಮಕ್ಕಳಿಗಾಗಿ ಒಂದು ಇಂಟರ್‌ನ್ಯಾಷನಲ್ ಸ್ಕೂಲು. ಗಣಿತಕ್ಕೆ ಜನ ಬೇಕೆಂದು ಪೇಪರಿನಲ್ಲಿ ಜಾಹೀರಾತು ಬಂದಿತ್ತು. ಇವರು ಯಾರಿಗೂ ಹೇಳದೆ ಅರ್ಜಿ ಹಾಕಿ, ಮುಂಬಯಿಗೆ ಹೋಗಿ ಇಂಟರ್‌ವ್ಯೂ ಕೊಟ್ಟು ಬಂದಿದ್ದರು.

"ಯಾಕ್ರಿ ಮಾಸ್ತರ್, ಇಲ್ಲೇನು ಕಮ್ಮಿ ಆಗ್ಯಾದ?" ಎಂದು ಕೇಳಿದೆ. ಸ್ಟಾಫ್ ರೂಮಿನ ಮೂಲೆಯಲ್ಲಿ ಇದ್ದ ಭೂಮಿಯ ಗೋಲವನ್ನು ಬೆರಳಿನಿಂದ ತಿರುಗಿಸಿದರು. "ಇದರ ಹೊಟ್ಟಿಮ್ಯಾಲ ಒಂದು ಗೆರಿ ಅದ ನೋಡ್ರಿ. ಹದಿನೈದು ವರ್ಷ ಆತು, ಹುಡುಗರಿಗಿ ಅದನ್ನ ತೋರಸಾಕತ್ತೇನಿ. ಒಮ್ಮಿ ದಾಟಿ ನೋಡಬೇಕಾಗ್ಯಾದ. ಐದು ವರ್ಷ. ಹೋದಂಗ ಬರ್ತೇನಿ." ಅದು ಅವರ ಆಸೆ, ವೈನಿಯವರದಲ್ಲ. ಮಗಳು ನೀಲಾಗೆ ಆಗ ಆರು ವರ್ಷ. ಅವಳಿಗೆ ವಿಮಾನದ ಸಂಭ್ರಮವೊಂದೇ.

ಆಳಂದದ ಬಸ್ ಸ್ಟ್ಯಾಂಡಿನಲ್ಲಿ ಬೀಳ್ಕೊಡಲು ನಿಂತಾಗ, ಮಾಸ್ತರರು ಟ್ರಂಕು ಮೇಲೆ ಏರಿಸುವುದರಲ್ಲಿದ್ದರು. ವೈನಿ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಪಂಡಿತ್ರ, ಐದು ವರ್ಷ ಅಂದ್ರ ಎಷ್ಟು ಎಳ್ಳಮಾಸಿ?"

"ಐದೇ ವೈನಿ."

"ಹಂಗಾರ ಆರನೇದಕ್ಕ ನಿಂಬರ್ಗಾ ಹೊಲದಾಗ ಬಂದು ಕುಂಡ್ರತೀನಿ. ಇವ್ರು ಕೆಲಸದಾಗ ಮುಳಗಿದ್ರಂದ್ರ ಮರೀತಾರ. ನೀವು ನೆನಪು ಮಾಡಿ ಕಾಗದ ಬರೀರಿ."

ಬರೆಯುತ್ತೇನೆ ಎಂದು ಮಾತು ಕೊಟ್ಟೆ. ಬಸ್ಸು ಹೋಯಿತು.

ತಿಂಗಳಿಗೊಂದು ನೀಲಿ ಕಾಗದ ಬರುತ್ತಿತ್ತು. ಮೊದಮೊದಲು ತಮಾಷೆಯೇ ಹೆಚ್ಚು. ಶಾಲೆಯ ಮೊದಲ ದಿನ ಮಧ್ಯಾಹ್ನ ಡಬ್ಬಿ ಬಿಚ್ಚಿ, ನಮ್ಮ ರೂಢಿಯಂತೆ ಪಕ್ಕದವರನ್ನೆಲ್ಲ ಊಟಕ್ಕೆ ಬನ್ನಿ ಎಂದು ಕರೆದರಂತೆ. ಎಲ್ಲರೂ ಬೇಡ, ಥ್ಯಾಂಕ್ಯೂ ಎಂದರಂತೆ. ಒಬ್ಬರೂ ತಿರುಗಿ ತಮ್ಮ ಡಬ್ಬಿಗೆ ಕರೆಯಲಿಲ್ಲವಂತೆ. "ಇವತ್ತು ಡಬ್ಬಿ ಹಂಗೇ ಮುಚ್ಚಿ ಮನಿಗಿ ತಂದೀನಿ" ಎಂದು ಬರೆದಿದ್ದರು. ನಾನು ಸ್ಟಾಫ್ ರೂಮಿನಲ್ಲಿ ಓದಿ ಹೇಳಿದೆ. ಎಲ್ಲರೂ ನಕ್ಕರು. ಆ ಡಬ್ಬಿಯನ್ನು ಮನೆಯಲ್ಲಿ ತೆಗೆದುಕೊಂಡ ಕೈ ಯಾವುದು, ಆ ಕೈಗೆ ಏನನ್ನಿಸಿತು ಎಂದು ನಾನು ಯೋಚಿಸಲಿಲ್ಲ.

ಮೂರನೆಯದೋ ನಾಲ್ಕನೆಯದೋ ಕಾಗದದಲ್ಲಿ ಒಂದು ಎಡವಟ್ಟಿನ ಸಂಗತಿ ಇತ್ತು. ಪರೀಕ್ಷೆ ಹತ್ತಿರ ಬಂದಾಗ ಇವರು ಆಳಂದದ ಪದ್ಧತಿಯಂತೆ ಸಂಜೆ ಮಕ್ಕಳ ಮನೆಗಳಿಗೆ ಹೊರಟುಬಿಟ್ಟಿದ್ದಾರೆ. ಮೊದಲ ಮನೆ ಗಣಿಯಲ್ಲಿ ಕೂಲಿ ಮಾಡುವ ಮುಲೆಂಗಾ ಎಂಬವನದು. ಅವನ ಮಗಳು ಜಾಣೆ ಎಂದು ಶಾಲೆ ಪುಕ್ಕಟೆ ಸೇರಿಸಿಕೊಂಡಿತ್ತು. ಅಲ್ಲಿ ಚಾಪೆ ಹಾಸಿ, ಕುದಿಸಿದ ಶೇಂಗಾ ಕೊಟ್ಟು ಕೂರಿಸಿದರಂತೆ. ಎರಡನೆಯ ಮನೆ ಒಬ್ಬ ದೊಡ್ಡ ಇಂಜಿನಿಯರನದು. ಬಾಗಿಲು ಬಡಿದು, ಒಳಗೆ ಹೋಗಿ, ಹುಡುಗ ಓದುತ್ತಾನೋ ಎಂದು ಕೇಳಿ, ಅವನ ಪಕ್ಕ ಕೂತುಬಿಟ್ಟಿದ್ದಾರೆ. ಆ ಮನೆಯವರು ಊಟದ ಮೇಜಿನ ಮುಂದೆ ಬಾಯಿ ಬಿಟ್ಟುಕೊಂಡು ನೋಡಿದರಂತೆ. ಮರುದಿನ ಪ್ರಿನ್ಸಿಪಾಲರು ಕರೆದು, ಇಲ್ಲಿ ಕರೆಯದೆ ಯಾರ ಮನೆಗೂ ಹೋಗಬಾರದು, ದೂರು ಬಂದಿದೆ ಎಂದು ಬಲು ಮರ್ಯಾದೆಯಿಂದಲೇ ಹೇಳಿದರಂತೆ.

"ಬೈದಿದ್ರ ಬೇಸಿತ್ತು ಪಂಡಿತ್ರ" ಎಂದು ಬರೆದಿದ್ದರು. "ಇನ್ನ ಮ್ಯಾಲ ಸಂಜಿಮುಂದ ಎಲ್ಲಿಗಿ ಹೋಗಬೇಕು ತಿಳೀದಂಗ ಆಗ್ಯಾದ."

ಆಮೇಲೆ ಕಾಗದಗಳು ಗಿಡ್ಡವಾದವು. ವೈನಿ ತಳದಲ್ಲಿ ಪೆನ್ಸಿಲಿನಿಂದ ನಮ್ಮ ಮನೆಯಾಕೆಗೆ ಒಂದೆರಡು ಸಾಲು ಸೇರಿಸುತ್ತಿದ್ದರು. ಒಮ್ಮೆ ಬರೆದಿದ್ದರು: ಇಲ್ಲಿ ಸಕ್ಕರಿ ಕೇಳಾಕ ಸುದ್ದಾ ಯಾರೂ ಬರಂಗಿಲ್ಲ. ಇವರು ಸಾಲಿಗಿ ಹೋದ್ರ ಬರೂತನಕ ನನ್ನ ದನಿ ನನಗ ಕೇಳಸಂಗಿಲ್ಲ. ನಮ್ಮಾಕೆ ಅದನ್ನು ಓದಿ ಸೆರಗಿನಿಂದ ಮೂಗೊರೆಸಿಕೊಂಡಳು. ನಾನು, "ಹೊಸ ಜಾಗ, ಹೊಂದಿಕೊಳ್ತಾರ ಬಿಡು" ಎಂದೆ. ಯಾರದೋ ಒಂಟಿತನವನ್ನು ಹೀಗೆ ಒಂದು ಮಾತಿನಲ್ಲಿ ಮುಗಿಸಿಬಿಡುವುದು ನನಗೆ ಆಗ ಚೆನ್ನಾಗಿ ಬರುತ್ತಿತ್ತು.

ನಾಲ್ಕನೆಯ ವರ್ಷ ನಿಂಬರ್ಗಾದ ತಮ್ಮನಿಗೆ ತಂತಿ ಬಂತು. ವೈನಿ ಹೋದರು. ಜ್ವರ ಬಂದು ತಲೆಗೇರಿ, ಐದೇ ದಿನ. ಅಲ್ಲೇ ಮಣ್ಣು ಕೊಟ್ಟರು ಎಂದಷ್ಟೇ ತಿಳಿಯಿತು. ಅಂದೋಲಾದಲ್ಲಿ ಅವರ ತಾಯಿ, ಮಗಳ ಮುಖ ನೋಡದೆ ಹೇಗೆ ಅಳಬೇಕೋ ತಿಳಿಯದೆ, ಬಾಗಿಲ ಕಡೆಗೆ ನೋಡುತ್ತ ಕೂತಿದ್ದರು. ನಾನು ಮಾತನಾಡಿಸಲು ಹೋದವನು ಮನೆಯವರು ಕೊಟ್ಟ ನೀರು ಕುಡಿದು ಎದ್ದು ಬಂದೆ.

ಇನ್ನು ಮಾಸ್ತರರು ಹತ್ತು ವರ್ಷದ ಕೂಸನ್ನು ಕರೆದುಕೊಂಡು ತಿಂಗಳೊಪ್ಪತ್ತಿನಲ್ಲಿ ಬಂದೇ ಬರುತ್ತಾರೆ ಎಂದುಕೊಂಡೆವು. ಬರಲಿಲ್ಲ. ಐದು ವರ್ಷದ ಕರಾರು ಮುಗಿಯಿತು, ಬರಲಿಲ್ಲ. ಮತ್ತೆ ಬರೆದುಕೊಟ್ಟರು ಎಂದು ತಮ್ಮ ಹೇಳಿದ. ಆಡುವ ಬಾಯಿಗೆ ಅಡ್ಡ ಯಾರು? ಅಲ್ಲಿಯ ನೀರು ರುಚಿ ಹತ್ತಿದೆ ಎಂದರು. ಅಲ್ಲೇ ಇನ್ನೊಬ್ಬಾಕೆಯನ್ನು ಮಾಡಿಕೊಂಡಿದ್ದಾರೆ ಎಂದರು. ನಾನು ಇಂಥ ಮಾತಿಗೆ ಹೌದೆನ್ನಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ.

ಆರನೆಯ ಎಳ್ಳಮಾವಾಸ್ಯೆಗೆ ಅವರ ತಮ್ಮ ನನ್ನನ್ನು ಹೊಲಕ್ಕೆ ಕರೆದ. ಅದೇ ಬೇವಿನ ಮರ, ಅದೇ ಭಜ್ಜಿ. ಪಂಕ್ತಿಯಲ್ಲಿ ನಾನೇ ಕಡೆಯವನಾಗಿ ಉಳಿದೆ. ನನಗಾಗಿ ಯಾರೂ ಕಾಯಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕೊಟ್ಟ ಮಾತು ನೆನಪಾಗಿ, ಮಾಸ್ತರರ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಮನೆಗೆ ಬಂದವನೇ ಕಾಗದ ಬರೆಯಲು ಕೂತೆ. ಪಂಡಿತನಲ್ಲವೇ, ಚುಚ್ಚಲು ಮಾತು ಹುಡುಕಬೇಕಾಗಲಿಲ್ಲ. ಆರನೆಯ ಎಳ್ಳಮಾವಾಸ್ಯೆಗೆ ಬರುತ್ತೇನೆ ಎಂದಿದ್ದವರು ಬರಲಾರದೆ ಹೋದರು. ಬರಬಲ್ಲವರಿಗೆ ಬರುವ ಮನಸ್ಸಿಲ್ಲ. ಹೋದವರು ಹೋದರು. ತಾಯಿಯಿಲ್ಲದ ಹೆಣ್ಣುಕೂಸನ್ನು ಬಂಧುಬಳಗವಿಲ್ಲದ ಕಡೆ ಬೆಳೆಸುವಂಥದು ಆ ಊರಿನಲ್ಲಿ ನಿಮಗೆ ಏನಿದೆ? ಹೀಗೆ ಬರೆದು, ಎರಡು ಸಲ ಓದಿ, ಚೆನ್ನಾಗಿ ಬಂದಿದೆ ಎಂದು ಅನ್ನಿಸಿ, ಅಂಚೆಗೆ ಹಾಕಿದೆ.

ಎರಡು ತಿಂಗಳಿಗೆ ಉತ್ತರ ಬಂತು. ಇಡೀ ನೀಲಿ ಹಾಳೆ ಖಾಲಿ. ನಡುವೆ, ಬೋರ್ಡಿನ ಮೇಲೆ ಬರೆಯುವ ಅದೇ ದುಂಡು ಅಕ್ಷರದಲ್ಲಿ:

"ಆಕಿ ಇಲ್ಲಿ ಕುಂತಾಳ್ರಿ ಪಂಡಿತ್ರ. ನಾ ಹ್ಯಾಂಗ ಏಳ್ಲಿ?"

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕುಣಿಯ ಒಳಗೊಂದು ಗೂಡು ತೋಡಿ, ಅದರಲ್ಲಿ ಪದ್ಮಾಸನ ಹಾಕಿ ಕೂರಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟು, ಹಣೆಗೆ ವಿಭೂತಿ ಹಚ್ಚಿ ಮಣ್ಣು ಕೊಡುತ್ತೇವೆ. ಇದು ನನಗೆ ಗೊತ್ತಿಲ್ಲದ ಸಂಗತಿಯೇ? ನನ್ನ ಅಪ್ಪನನ್ನೂ ಅವ್ವನನ್ನೂ ಹಾಗೇ ಕೂರಿಸಿ ಬಂದವನು ನಾನು. ಆದರೂ ಆ ಸಾಲು ಓದುವ ತನಕ ವೈನಿ ಅಲ್ಲಿ ಒಬ್ಬರೇ ಕೂತಿದ್ದಾರೆ ಎಂದು ನನಗೆ ಹೊಳೆದಿರಲಿಲ್ಲ. ಬೇವಿನ ಮರದ ಕೆಳಗೆ ಮಾಸ್ತರರು ಹೇಳಿದ ಮಾತು, ನಾನು ನಕ್ಕ ನಗು, ಎರಡೂ ಒಟ್ಟಿಗೆ ಬಂದು ಎದೆಗೆ ಬಡಿದವು. ನಾಚಿಕೆಯಿಂದ ನನಗೆ ಕಾಗದ ಮಡಿಸಲೂ ಬರಲಿಲ್ಲ.

ತಪ್ಪಾಯಿತು ಎಂದು ಬರೆಯಬೇಕಿತ್ತು. ಇಂದು ಬರೆಯೋಣ, ನಾಳೆ ಬರೆಯೋಣ ಎಂದು ವರ್ಷವಾಯಿತು. ವರ್ಷವಾದ ಮೇಲೆ ಯಾವ ಮುಖದಿಂದ ಬರೆಯಲಿ ಎಂದು ಇನ್ನೂ ವರ್ಷಗಳು ಹೋದವು. ನಾಚಿಕೆ ಎನ್ನುವುದು ಸೋಮಾರಿತನಕ್ಕೆ ಒಳ್ಳೆಯ ನೆವ. ಅವರೂ ಬರೆಯಲಿಲ್ಲ. ಇಲ್ಲಿಂದ ನಮ್ಮ ಭಾಷೆಯಲ್ಲಿ ಅವರಿಗೆ ಕಾಗದ ಬರೆಯುತ್ತಿದ್ದವನು ನಾನೊಬ್ಬನೇ ಎಂದು ಆಮೇಲೆ ನೀಲಾ ಫೋನಿನಲ್ಲಿ ಹೇಳಿದಳು.

ತೊಂಬತ್ತೈದರ ಸುಮಾರಿಗೆ, ಅರವತ್ತು ತುಂಬಿದ ಮೇಲೆ, ಅವರು ತಿರುಗಿ ಬಂದರು. ಒಬ್ಬರೇ ಬಂದರು. ನೀಲಾ ಅದೇ ಶಾಲೆಯಲ್ಲಿ ಚಿಕ್ಕ ಮಕ್ಕಳ ಟೀಚರಾಗಿ ಸೇರಿದ್ದಳು. ಗುರುವಾರ ಸಂತೆಗೆ ನಿಂಬರ್ಗಾದಿಂದ ಬಸ್ಸಿನಲ್ಲಿ ಬಂದವರು ನಮ್ಮ ಮನೆಯ ಬಾಗಿಲು ಬಡಿದರು. ಜುಬ್ಬದ ಬದಲು ಅಂಗಿ, ತಲೆ ಪೂರ್ತಿ ಬೆಳ್ಳಗೆ. ಬಾಗಿಲು ಬಡಿದವರು ಒಳಗೆ ಬರದೆ ಹೊರಗೇ ನಿಂತಿದ್ದರು. "ಬರ್ರಿ ಒಳಗ, ಅಲ್ಲೇ ಯಾಕ ನಿಂತ್ರಿ?" ಎಂದೆ. "ಕರದ್ರ ಬರಬೇಕನ್ನೂದು ರೂಢಿ ಆಗ್ಯಾದ್ರಿ" ಎಂದರು. ಆಳಂದದ ಎಷ್ಟೋ ಮನೆಗಳಿಗೆ ಹೇಳದೆ ನುಗ್ಗುತ್ತಿದ್ದ ಮನುಷ್ಯ.

ನಾನು ಅವರ ಕೈ ಹಿಡಿದುಕೊಂಡು ಆ ಕಾಗದದ ಮಾತು ಎತ್ತಿದೆ. "ಬಿಡ್ರಿ" ಎಂದರು. "ನೀವು ಆಕಿಗಿ ಕೊಟ್ಟ ಮಾತು ನಡಿಸಿದ್ರಿ. ನಾ ಕೊಟ್ಟಿದ್ದು ನನಗ ನಡಸಾಕ ಆಗ್ಲಿಲ್ಲ."

ಅಂದು ಊಟಕ್ಕೆ ಎಷ್ಟು ಕರೆದರೂ ಅವರು ಕೂರಲಿಲ್ಲ. ತಟ್ಟೆ ಕೈಯಲ್ಲಿ ಹಿಡಿದು ಕಿಟಕಿಯ ಹತ್ತಿರ ನಿಂತೇ ಎರಡು ತುತ್ತು ತಿಂದರು. ಆಮೇಲೆ ನೋಡಿದರೆ ಎಲ್ಲೆಡೆಯೂ ಅದೇ. ಮದುವೆ, ಮುಂಜಿ, ಮಠದ ದಾಸೋಹ, ಎಲ್ಲಿಯೂ ಅವರು ಪಂಕ್ತಿಯಲ್ಲಿ ಕೂರುವುದಿಲ್ಲ. ಸೌಟು ಹಿಡಿದು ಬಡಿಸಲು ನಿಂತುಬಿಡುತ್ತಾರೆ, ಎಲ್ಲರದೂ ಆದ ಮೇಲೆ ಎಲ್ಲೋ ಮೂಲೆಯಲ್ಲಿ ನಿಂತು ಉಣ್ಣುತ್ತಾರೆ. ಊರಿನವರು ಪರದೇಶದ ಶೋಕಿ ಎಂದರು. ನನಗೆ ತಡೆಯಲಾಗದೆ ಒಂದು ಗುರುವಾರ ಕೇಳಿಯೇಬಿಟ್ಟೆ.

"ಹ್ಯಾಂಗ ಕುಂಡ್ರಲಿ ಪಂಡಿತ್ರ? ಕುಂತಾಕಿನ್ನ ಬಿಟ್ಟು ಎದ್ದು ಬಂದವ ನಾ."

"ಮತ್ತ ಯಾಕ ಎದ್ದ್ರಿ?" ಎಂದೆ. ಕೇಳಬಾರದಿತ್ತು.

"ನಾ ಎದ್ದಿಲ್ರಿ. ಎಬ್ಬಿಸಿದ್ರು. ಅರವತ್ತಾದ್ರ ಆ ದೇಶದಾಗ ಇರಾಕ ನಮ್ಮಂಥವರಿಗಿ ಪರವಾನಗಿ ಕೊಡಂಗಿಲ್ಲ."

ಆ ದಿನ ಮೊದಲ ಸಲ ಎಲ್ಲ ಹೇಳಿದರು. ವೈನಿ ಹೋದಾಗ ಆ ಊರಿನಲ್ಲಿ ಇದ್ದ ನಾಲ್ಕು ಗುಜರಾತಿ ವ್ಯಾಪಾರಿಗಳು ಪಾಪ ಕಟ್ಟಿಗೆ ಹೊಂದಿಸಿ ಬಂದಿದ್ದರಂತೆ. ಇವರು ಬೇಡ ಎಂದರಂತೆ. "ಬೆಂಕಿ ಅಂದ್ರ ಆಕಿಗಿ ಅಂಜಿಕಿ ಇತ್ರಿ. ಒಲಿ ಮುಂದ ಸುದ್ದಾ ಸರದು ಕುಂಡ್ರತಿದ್ಲು." ಅಲ್ಲಿಯ ಸ್ಮಶಾನದಲ್ಲಿ ತೋಡುವವರಿಗೆ ಉದ್ದನೆಯ ಕುಣಿ ಗೊತ್ತು, ಕೂರಿಸುವ ಕುಣಿ ಗೊತ್ತಿಲ್ಲ. ಇವರು ನೋಟ್‌ಬುಕ್ಕಿನ ಹಾಳೆಯ ಮೇಲೆ ಸ್ಕೇಲು ಹಿಡಿದು ಚಿತ್ರ ತೆಗೆದರಂತೆ, ಅಗಲ ಇಷ್ಟು, ಆಳ ಇಷ್ಟು, ಒಳಗಿನ ಗೂಡು ಇಷ್ಟು ಎಂದು. ಯಾರಿಗೂ ತಿಳಿಯಲಿಲ್ಲ. ಆಗ ಮುಲೆಂಗಾ ಬಂದ. ಶೇಂಗಾ ಕೊಟ್ಟು ಕೂರಿಸಿದ್ದ ಮನೆಯವನು. ಯಾರೂ ಕರೆದಿರಲಿಲ್ಲ. ಗಣಿಯವನಿಗೆ ನೆಲದೊಳಗೆ ಗೂಡು ತೋಡುವುದು ಹೇಳಿಕೊಡಬೇಕೇ? ಚಿತ್ರ ನೋಡಿ, ತಲೆಯಾಡಿಸಿ, ಇಬ್ಬರು ಗೆಳೆಯರನ್ನು ಇಳಿಸಿ ಗೋಡೆ ಕುಸಿಯದ ಹಾಗೆ ಅಚ್ಚುಕಟ್ಟಾಗಿ ತೋಡಿಕೊಟ್ಟನಂತೆ. ಬಿಲ್ವಪತ್ರೆ ಸಿಗಲಿಲ್ಲ. ಅವನ ಮಗಳೂ ನೀಲಾಳೂ ಹೋಗಿ ಮೂರೆಲೆ ಇರುವ ಯಾವುದೋ ಗಿಡ ಹುಡುಕಿ ತಂದರು. ಹಣೆಗೆ ವಿಭೂತಿ ಹಚ್ಚಿದವಳು ನೀಲಾ.

"ಮುಖ ಯಾ ಕಡಿಗಿ ಮಾಡಿದ್ರಿ?" ಎಂದು ಕೇಳಿದೆ. ನಮ್ಮಲ್ಲಿ ಅದನ್ನು ಕೇಳುತ್ತಾರೆ.

"ಈಶಾನ್ಯಕ್ಕ. ಹುಡುಗರ ನಕಾಶಿ ತಗೊಂಡು ಆ ಊರಿಗೂ ನಿಂಬರ್ಗಾಕ್ಕೂ ಗೆರಿ ಎಳದೆ. ಬರೊಬ್ಬರಿ ಈಶಾನ್ಯಕ್ಕ ಬಂತು. ಈ ಕಡಿಗೇ ನೋಡಾಕತ್ತಾಳ."

ಪ್ರತಿ ಅಮಾವಾಸ್ಯೆ ಶಾಲೆ ಬಿಟ್ಟ ಮೇಲೆ ತಂದೆ ಮಗಳು ಅಲ್ಲಿಗೆ ಹೋಗಿ ಕೂತು ಬರುತ್ತಿದ್ದರು. ಸಂಜೆ ಹೋಗಲು ಅವರಿಗೆ ಇದ್ದ ಒಂದೇ ಮನೆ ಅದು. ಕುರ್ಚಿಯ ಬೆನ್ನಿಗೆ ಹಗ್ಗ ಕಟ್ಟಿ ಜಡೆ ಹಾಕುವುದನ್ನು ಕಲಿತೆ ಎಂದು ಹೇಳುವಾಗ ಅವರು ನಕ್ಕರು. ಮಗಳ ಬಗ್ಗೆ ಹೇಳುವಾಗ ಮಾತ್ರ ನಗುತ್ತಿದ್ದರು. ಆ ಶಾಲೆಯಲ್ಲಿ ಅಪ್ಪಂದಿರ ಕರಾರು ಮುಗಿದ ಹಾಗೆ ಎರಡು ವರ್ಷಕ್ಕೊಮ್ಮೆ ಮಕ್ಕಳು ಬದಲಾಗುತ್ತಾರೆ. ನೀಲಾ ಹೊಸ ಹುಡುಗಿ ಬಂದರೆ ಹೆಸರು ಕೇಳುವ ಮೊದಲು, ನಿಮ್ಮಪ್ಪನ ಕರಾರು ಎಂದು ಮುಗಿಯುತ್ತದೆ ಎಂದು ಕೇಳುತ್ತಿದ್ದಳಂತೆ. ಮಾಸ್ತರರೂ ಬದಲಾಗುತ್ತಿದ್ದರು. ವರ್ಷ ವರ್ಷವೂ ಬೀಳ್ಕೊಡುವ ಊ­ಟ, ವರ್ಷ ವರ್ಷವೂ ಉಳಿದವರು ಇವರೇ. "ಅಲ್ಲಿ ಎಲ್ಲಾರೂ ನಿಂತ ಉಣ್ತಾರ್ರಿ. ಯಾರದಾತು, ಯಾರದಿಲ್ಲ, ತಿಳಿಯೂದೇ ಇಲ್ಲ. ಯಾರಿಗಂತ ಕಾಯಬೇಕು?"

ಹೀಗೆ ಮೂರ್ನಾಲ್ಕು ವರ್ಷ ಗುರುವಾರಗಳು ನಡೆದವು. ತಮ್ಮನ ಮನೆಯಲ್ಲಿ ಅವರಿಗೆ ಯಾವ ಕೊರತೆಯೂ ಇರಲಿಲ್ಲ. ಮಾತಿಗೆ ಜನರೂ ಇದ್ದರು. ಆದರೂ ಜನರ ನಡುವೆ ಅವರು ಬಸ್ಸಿಗೆ ನಿಂತವರ ಹಾಗೆ ಇದ್ದರು. ಹೋದ ತಿಂಗಳು ಒಂದು ಮುಂಜಾನೆ ಏಳಲಿಲ್ಲ.

ನಾನು ನಿಂಬರ್ಗಾ ಮುಟ್ಟುವ ಹೊತ್ತಿಗೆ ಹೊಲದಲ್ಲಿ ಕುಣಿ ಆಗಿತ್ತು. ನೀಲಾಗೆ ಫೋನು ಮಾಡಿದ್ದರು. ಅಷ್ಟು ಬೇಗ ಬಂದು ಮುಟ್ಟುವುದು ಆಗದ ಮಾತು. ಅವರ ತಲೆದಿಂಬಿನ ಕೆಳಗೆ ಒಂದು ಹಾಳೆ ಸಿಕ್ಕಿತೆಂದು ತಮ್ಮ ನನ್ನ ಕೈಗಿತ್ತ. ಸ್ಕೇಲು ಹಿಡಿದು ತೆಗೆದ ಕುಣಿಯ ಚಿತ್ರ, ಅಗಲ, ಆಳ, ಗೂಡು. ಗೂಡಿನ ಬಾಯಿಗೊಂದು ಬಾಣದ ಗುರುತು. ಅದರ ಪಕ್ಕ: ಮುಖ ನೈರುತ್ಯಕ್ಕೆ.

ಹಿರಿಯರು ಸಿಡಿದರು. ನೈರುತ್ಯಕ್ಕೆ ಮುಖ ಮಾಡಿ ಯಾರನ್ನಾದರೂ ಕೂರಿಸುತ್ತಾರೆಯೇ? ಬಡಗಣ ಉಂಟು, ಮೂಡಣ ಉಂಟು. ಆ ದಿಕ್ಕು ಮನೆತನಕ್ಕೇ ಒಳ್ಳೆಯದಲ್ಲ. ತಮ್ಮನೂ ಹಿಂದೆ ಸರಿದ. "ಮಾಸ್ತರ್ಗಿ ಕಡೀಕಡೀಗಿ ತಲಿ ಸರಿ ಇದ್ದಿಲ್ಲ ಬಿಡ್ರಿ" ಎಂದು ಯಾರೋ ಅಂದರು.

ಅಷ್ಟು ಜನರ ಮುಂದೆ ಮಾತನಾಡುವ ಧೈರ್ಯ ನನಗೆ ಎಲ್ಲಿಂದ ಬಂತೋ. ಹಿಂದೆ ನಾನು ಬರೆದ ಕಾಗದದಲ್ಲಿ ಏನಿತ್ತು ಎಂದು ಬಿಚ್ಚಿ ಹೇಳಿದೆ. ಅವರ ಉತ್ತರ ಹೇಳಿದೆ. ಮುಲೆಂಗಾನ ಕುಣಿ, ನಕಾಶೆಯ ಗೆರೆ, ಎಲ್ಲ ಹೇಳಿದೆ. "ಆಕಿ ಮುಖ ಇಲ್ಲಿಗದ. ಇವ್ರು ಬೆನ್ನ ಮಾಡಿ ಕುಂಡ್ರಬೇಕೇನು?" ಎಂದೆ.

ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ಕುಣಿಯ ದಂಡೆಯಲ್ಲಿ ನಿಂತಿದ್ದರು. ಐವತ್ತರ ಹತ್ತಿರದವರು, ಒಂದು ಕಾಲಕ್ಕೆ ನಮ್ಮ ಹೈಸ್ಕೂಲಿನವರೇ. ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಬಹಳ ಹೊತ್ತು ನೋಡಿದರು. "ಮೆಟ್ರಿಕ್ಕಿನ ವರ್ಷ ಸಂಜಿಮುಂದ ನಮ್ಮ ಮನಿಗಿ ಬಂದು ಕುಂಡ್ರತಿದ್ರು" ಎಂದರು. "ಲೆಕ್ಕ ನನಗ ಬರೂತನಕ ಏಳ್ತಿದ್ದಿಲ್ಲ. ಅವ್ರ ಲೆಕ್ಕ ತಪ್ಪಿದ್ದು ನಾ ಒಮ್ಮಿನೂ ನೋಡಿಲ್ಲ. ಗೂಡು ತಿರುಗಸ್ರಿ."

ಹಾರೆ ಹಿಡಿದವರು ಮತ್ತೆ ಕುಣಿಗೆ ಇಳಿದರು. ಬೇವಿನ ಮರದ ಕಡೆಗಿದ್ದ ಗೂಡು ಮುಚ್ಚಿ, ಎದುರಿನ ಮೂಲೆಯಲ್ಲಿ ಹೊಸ ಗೂಡು ತೋಡಿದರು. ಕರಿಮಣ್ಣು ಗಟ್ಟಿಯಾಗಿತ್ತು, ಹೊತ್ತು ಹಿಡಿಯಿತು. ಅಯ್ಯನವರ ಜೊತೆ ನಾನೂ ಇಳಿದು ಮಾಸ್ತರರನ್ನು ಎತ್ತಿಕೊಂಡೆ. ಹಗುರವಾಗಿದ್ದರು. ಕಾಲು ಮಡಿಸಿ, ಬೆನ್ನು ಗೋಡೆಗೆ ಒರಗಿಸಿ, ಅಂಗೈಯಲ್ಲಿ ಲಿಂಗವಿಟ್ಟೆವು.

ನೀಲಾಗೆ ಕಾಗದ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮನೆಗೆ ಬಂದು, ಸ್ನಾನ ಮಾಡಿ, ನೀಲಿ ಹಾಳೆಯ ಮುಂದೆ ಕೂತೆ. ಸಮಾಧಾನದ ಮಾತುಗಳು ಪಂಡಿತನಿಗೆ ಬೇಕಾದಷ್ಟು ಬರುತ್ತವೆ. ಒಂದನ್ನೂ ಬರೆಯಲಿಲ್ಲ. ಅಷ್ಟು ವರ್ಷದಿಂದ ನಾನು ಕೊಡದೆ ಉಳಿಸಿಕೊಂಡಿದ್ದ ಉತ್ತರವೊಂದನ್ನೇ ಬರೆದೆ:

"ನೀಲವ್ವಾ, ಅಪ್ಪ ಕುಂತಾರ. ಮುಖ ಆ ಕಡಿಗಿ ಅದ. ಬರೂ ಅಮಾಸಿಗಿ ಹೋದಾಗ ನಿಮ್ಮವ್ವಗ ಹೇಳು."